ಕುದಿಯುವ ನೀರೂ ಪಾತ್ರೆಯ ಮೈಯೂ: ಒಂದು ಕಾರಣವಿಚಾರದ ಚರಿತ್ರೆ

ಎಸರಿಟ್ಟ ಪಾತ್ರೆಯನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿಯು ಗೋಚರವಾಗಿಯೇ ಇರುತ್ತದೆ. ಕುದಿಯ ಗುಳ್ಳೆಗಳು ತಳದ ಎಲ್ಲ ಎಡೆಗಳಿಂದಲೂ ಸಮನಾಗಿ ಏಳುವುದಿಲ್ಲ. ಕೆಲವು ನಿಯತವಾದ ಬಿಂದುಗಳಿಂದ ಒಂದರ ಹಿಂದೊಂದು ಸರದ ಮಣಿಗಳಂತೆ ಹೊರಡುತ್ತವೆ. ಉರಿಯು ಒಂದೇ, ನೀರೂ ಒಂದೇ. ಹೀಗಿರಲು ಈ ಪಕ್ಷಪಾತಕ್ಕೆ ಹೇತುವೇನು? ಪಾತ್ರೆಯ ಮೈಯೇ ಹೇತುವೆಂಬುದು ಸುಲಭವಾದ ಉತ್ತರ. ಆದರೆ ಆ ಮೈಯಲ್ಲಿರುವ ಯಾವ ಧರ್ಮವು ಹೇತುವೆಂಬುದನ್ನು ನಿರ್ಣಯಿಸಲು ಭೌತವಿಜ್ಞಾನಿಗಳಿಗೆ ಬಹುಕಾಲ ಹಿಡಿಯಿತು. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ನ್ಯಾಯಶಾಸ್ತ್ರದಲ್ಲಿ ಪರಿಶ್ರಮವುಳ್ಳವರಿಗೆ ಅದರಲ್ಲಿ ಪರಿಚಿತವಾದ ವಾದಕ್ರಮವೇ ಕಾಣುವುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರದ ಮೊದಲ ಪ್ರಸಿದ್ಧ ಗ್ರಂಥವು 1756ರಲ್ಲಿ ಹೊರಬಂದಿತು. ಜರ್ಮನಿಯ ಡುಯಿಸ್‌ಬರ್ಗ್ ನಗರದ ಆಚಾರ್ಯನಾದ ಲೈಡನ್‌ಫ್ರಾಸ್ಟನು ಲ್ಯಾಟಿನ್ ಭಾಷೆಯಲ್ಲಿ ಬರೆದ ಜಲವಿಚಾರ ಪ್ರಬಂಧವದು. ನಯವಾಗಿ ಉಜ್ಜಿದ ಕಬ್ಬಿಣದ ಸೌಟನ್ನು ಕೆಂಪಗೆ ಕಾಯಿಸಿ ಅದರ ಮೇಲೆ ನೀರಿನ ಹನಿಯನ್ನು ಬಿಟ್ಟರೆ, ಅದು ಒಡನೆ ಆವಿಯಾಗದೆ ಗೋಲಿಯಂತೆ ದುಂಡಗಾಗಿ ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಉಳಿಯಿತು. ಸೌಟು ಆರುತ್ತ ಬಂದಂತೆ ಹನಿಯ ಆಯುಷ್ಯವೂ ಕಡಿಮೆಯಾಯಿತು. ಅತಿಯಾಗಿ ಕಾದ ಕಾವಲಿಯ ಮೇಲೆ ನೀರನ್ನು ಚಿಮುಕಿಸುವ ನಮ್ಮ ಗೃಹಿಣಿಯರಿಗೂ ಈ ನರ್ತನವು ಹೊಸದಲ್ಲ. ಹನಿಗೂ ಲೋಹಕ್ಕೂ ನಡುವೆ ಆವಿಯ ತೆಳುವಾದ ಪೊರೆಯೊಂದು ಹುಟ್ಟಿ ಉಷ್ಣವನ್ನು ತಡೆಯುವುದೇ ಇದಕ್ಕೆ ಕಾರಣ. ಕಾವು ಹೆಚ್ಚಿದಷ್ಟೂ ಕುದಿ ಹೆಚ್ಚುವುದೆಂಬ ಲೋಕಪ್ರತೀತಿಯು ಸರ್ವತ್ರ ಸತ್ಯವಲ್ಲವೆಂದು ಇದರಿಂದ ಸಿದ್ಧವಾಯಿತು.

ಇದನ್ನು ಅಳತೆಗೆ ತಂದವನು ಜಪಾನಿನ ಸೆಂಡೈ ನಗರದ ಷಿರೋ ನುಕಿಯಾಮ. 1934ರಲ್ಲಿ ಪ್ರಕಟವಾದ ತನ್ನ ಪ್ರಯೋಗಗಳಲ್ಲಿ ಅವನು ತೆಳುವಾದ ಲೋಹದ ತಂತಿಯನ್ನು ನೀರಿನಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಕಾಯಿಸಿದನು. ಕುದಿಯುವ ನೀರಿಗೆ ಲೋಹವು ಒಪ್ಪಿಸಬಲ್ಲ ಉಷ್ಣಕ್ಕೆ ಒಂದು ಪರಮಾವಧಿಯುಂಟು. ಅದನ್ನು ಮೀರಿದ ಕ್ಷಣದಲ್ಲಿ ಆವಿಯು ಲೋಹವನ್ನು ಕವಿದು, ತಂತಿಯ ಕಾವು ಥಟ್ಟನೆ ನೆಗೆಯುತ್ತದೆ. ನಿಕ್ರೋಮ್ ತಂತಿಯು ಅದನ್ನು ತಾಳಲಾರದೆ ಕರಗಿತು. ಪ್ಲಾಟಿನಂ ತಂತಿಯು ತಾಳಿತು. ಬಹಿರ್ವಾಯುವಿನ ಒತ್ತಡದಲ್ಲಿರುವ ನೀರಿಗೆ ಈ ಪರಮಾವಧಿಯು ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್. ಯಂತ್ರಾಲಯದ ಬಾಯ್ಲರೇ ಆಗಲಿ ಪರಮಾಣು ಸ್ಥಾವರವೇ ಆಗಲಿ ಈ ಎಲ್ಲೆಯನ್ನು ಮೀರಿದರೆ ಲೋಹವು ನಷ್ಟವಾಗುವುದಾದಕಾರಣ, ಇದು ಬರಿಯ ಕುತೂಹಲದ ವಿಷಯವಲ್ಲ.

ಇನ್ನು ಮೈಯ ಒರಟುತನದ ಪ್ರಶ್ನೆ. 1931ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಕೋಬ್ ಮತ್ತು ಫ್ರಿಟ್ಸ್ ಎಂಬುವರು ನುಣುಪಾದ ಫಲಕವನ್ನೂ ಗೀರುಗಳುಳ್ಳ ಫಲಕವನ್ನೂ ಹೋಲಿಸಿದರು. ಒರಟಾದ ಹೊಸ ಫಲಕವು ಹೆಚ್ಚು ಉಷ್ಣವನ್ನು ನೀರಿಗೆ ಕೊಟ್ಟಿತು; ಆದರೆ ಬಹುಕಾಲ ಕುದಿಸಿದ ಮೇಲೆ ಆ ಅತಿಶಯವು ಬಹುಮಟ್ಟಿಗೆ ಕುಗ್ಗಿತು. ಗೀರುಗಳೇನೋ ಇದ್ದಲ್ಲಿಯೇ ಇದ್ದುವು! ಕಾರಣವಿದ್ದೂ ಕಾರ್ಯವಿಲ್ಲದಿರುವುದನ್ನು ನಮ್ಮ ತಾರ್ಕಿಕರು ಅನ್ವಯವ್ಯಭಿಚಾರವೆಂದು ಕರೆಯುತ್ತಾರೆ. ಇಂತಹ ಎಡೆಯಲ್ಲಿ ಎರಡೇ ಗತಿ: ಅದು ಕಾರಣವೇ ಅಲ್ಲವೆನ್ನಬೇಕು, ಇಲ್ಲವೇ ಸಹಕಾರಿಯಾವುದೋ ತಪ್ಪಿದೆಯೆನ್ನಬೇಕು.

ಎರಡನೆಯ ಪಕ್ಷವೇ ನಿಂತಿತು. ಗುಳ್ಳೆಯು ಎಷ್ಟು ಸಣ್ಣದೋ ನೀರಿನ ಮೇಲ್ಮೈಬಿಗುಪು ಅದನ್ನು ಅಷ್ಟು ಬಲವಾಗಿ ಹಿಸುಕುತ್ತದೆ. ಮಿಲಿಮೀಟರಿನ ನೂರನೆಯ ಒಂದು ಪಾಲು ತ್ರಿಜ್ಯವುಳ್ಳ ಗುಳ್ಳೆಯು ಬದುಕಲು ನೀರು ಕುದಿಬಿಂದುವಿಗಿಂತ ಸುಮಾರು 3 ಡಿಗ್ರಿ ಹೆಚ್ಚಾಗಿ ಕಾದಿದ್ದರೆ ಸಾಕು. ಸಾವಿರದ ಒಂದು ಪಾಲಾದರೆ 20 ಡಿಗ್ರಿಗೂ ಹೆಚ್ಚು ಬೇಕು. ಆದುದರಿಂದ ಗುಳ್ಳೆಯು ಶೂನ್ಯದಿಂದ ಹುಟ್ಟಲಾರದು. ಲೋಹದ ಕುಳಿಯಲ್ಲಿ ಮೊದಲೇ ಸಿಕ್ಕಿಕೊಂಡಿರುವ ಗಾಳಿಯೋ ಆವಿಯೋ ಅದಕ್ಕೆ ಬೀಜವಾಗಬೇಕು. ದ್ರವವು ಕುಳಿಯೊಳಗೆ ಗಾಳಿಯನ್ನು ಸೆರೆಹಿಡಿಯುವ ಬಗೆಯನ್ನು 1958ರಲ್ಲಿ ಬ್ಯಾಂಕಾಫ್ ವಿವರಿಸಿದನು. ಮರುವರ್ಷ ಕ್ಲಾರ್ಕ್, ಸ್ಟ್ರೆಂಗೆ, ವೆಸ್ಟ್‌ವಾಟರ್ ಎಂಬುವರು ಸೂಕ್ಷ್ಮದರ್ಶಕದ ನೆರವಿನಿಂದ ಅಂತಹ ಕುಳಿಗಳನ್ನೂ ಗೀರುಗಳನ್ನೂ ಪ್ರತ್ಯಕ್ಷವಾಗಿ ಕಂಡರು. ಬೀಜವನ್ನು ಹಿಡಿದಿಡಲಾರದ ಅಗಲಬಾಯಿಯ ಗೀರು ಎಷ್ಟೇ ಒರಟಾದರೂ ನಿಷ್ಫಲ. ಬೀಜವು ತೀರಿದ ಗೀರೂ ಹಾಗೆಯೇ. ಯಾಕೋಬನ ಫಲಕವು ದಣಿದುದರ ಮರ್ಮವಿದು.

ಇಷ್ಟಾದರೂ ಪರಮಾವಧಿಯ ವಿಷಯದಲ್ಲಿ ಬೇರೊಂದು ಸಿದ್ಧಾಂತವು ರೂಢಿಗೆ ಬಂದಿತು. ರಷ್ಯದ ಕುಟಟೆಲಾಡ್ಜೆ 1948ರಲ್ಲಿಯೂ, ಅಮೆರಿಕದ ಜೂಬರ್ 1959ರಲ್ಲಿಯೂ ಆ ಎಲ್ಲೆಯನ್ನು ದ್ರವದ ಮತ್ತು ಆವಿಯ ಗುಣಗಳಿಂದ ಮಾತ್ರವೇ ಗಣಿಸಿದರು; ಅವರ ಸೂತ್ರಗಳಲ್ಲಿ ಲೋಹದ ಮೈಗೆ ಸ್ಥಾನವೇ ಇಲ್ಲ. 1962ರಲ್ಲಿ ಪ್ರಕಟವಾದ ಬೆರೆನ್ಸನನ ಪ್ರಯೋಗಗಳೂ ಇದಕ್ಕೆ ಅನುಕೂಲವಾಗಿಯೇ ಕಂಡುವು. ಮೈಯನ್ನು ಬದಲಿಸಿದರೆ ಗುಳ್ಳೆಗುದಿಯ ಉಷ್ಣಸಂಕ್ರಮಣವು ಐದಾರು ಪಟ್ಟು ಬದಲಾಯಿತು. ಪರಮಾವಧಿಯಾದರೋ ಸ್ವಲ್ಪವೇ ಬದಲಾಯಿತು. ಕುಂಬಾರನ ದಂಡವು ಮಡಕೆಗೆ ಕಾರಣವಾದರೂ ದಂಡದ ಬಣ್ಣವು ಅನ್ಯಥಾಸಿದ್ಧವಾಗುವಂತೆ, ಮೈಯ ರಚನೆಯು ಇಲ್ಲಿ ಅನ್ಯಥಾಸಿದ್ಧವೆಂದು ಅನೇಕರು ಬಗೆದರು.

ಈ ನಿರ್ಣಯವು ನಿಲ್ಲಲಿಲ್ಲ. ಪರೀಕ್ಷೆಗೆ ಒಳಗಾದುವೆಲ್ಲ ಅರಗಾಗದದಿಂದಲೂ ಮರಳಿನಿಂದಲೂ ಉಜ್ಜಿದ ಮೈಗಳು. ಬುದ್ಧಿಪೂರ್ವಕವಾಗಿ ರಚಿಸಿದ ಮೈಗಳಲ್ಲ. ದೃಷ್ಟಾಂತಗಳ ಸಂಕೋಚದಿಂದ ವ್ಯಾಪ್ತಿಯು ಸಿದ್ಧವಾದಂತೆ ತೋರಿತಷ್ಟೆ. ನೀರು ಲೋಹಕ್ಕೆ ಎಷ್ಟು ಅಂಟುವುದೆಂಬುದರ ಮೇಲೆ ಪರಮಾವಧಿಯು ಅವಲಂಬಿಸಿದೆಯೆಂದು 1980ರ ದಶಕದಲ್ಲಿ ಲಿಯಾ ಮತ್ತು ಧೀರ್ ತೋರಿಸಿದರು. 2015ರಲ್ಲಿ ಧಿಲ್ಲೋನ್, ಬ್ವೊನ್‌ಜೋರ್ನೊ, ವಾರಣಾಸಿ ಎಂಬುವರು ಸೂಕ್ಷ್ಮಸ್ತಂಭಗಳನ್ನು ಸಾಲಾಗಿ ನಿಲ್ಲಿಸಿದ ಸಿಲಿಕಾನ್ ಮೈಗಳನ್ನು ಪರೀಕ್ಷಿಸಿದರು. ಸ್ತಂಭಗಳು ತೀರ ವಿರಳವಾದರೆ ಅವುಗಳ ನಡುವೆ ನೀರನ್ನು ಎಳೆಯುವ ಶಕ್ತಿ ಸಾಲದು. ತೀರ ಒತ್ತಾದರೆ ನೀರಿನ ಸಂಚಾರಕ್ಕೆ ತಡೆ ಹೆಚ್ಚು. ಮಧ್ಯಮವಾದ ಅಂತರದಲ್ಲಿಯೇ ಬತ್ತಿದ ಬಿಸಿಯೆಡೆಗೆ ನೀರು ಬೇಗ ಮರಳಿ, ಪರಮಾವಧಿಯು ಶಿಖರವನ್ನು ಮುಟ್ಟುತ್ತದೆ. ಇದಕ್ಕೆ ವಿಲೋಮವಾಗಿ, ನೀರನ್ನು ಅತಿಯಾಗಿ ವಿಕರ್ಷಿಸುವ ಒರಟು ಮೈಯುಳ್ಳ ಉಕ್ಕಿನ ಗುಂಡುಗಳನ್ನು ಕಾಯಿಸಿ ನೀರಿನಲ್ಲಿ ಮುಳುಗಿಸಿದಾಗ, ಅವು ಆರುವವರೆಗೂ ಲೈಡನ್‌ಫ್ರಾಸ್ಟನ ಪೊರೆಯು ಒಡೆಯದೆ ಉಳಿಯಿತೆಂದು 2012ರಲ್ಲಿ ವಕರೆಲ್‌ಸ್ಕಿಯೂ ಅವನ ಸಹೋದ್ಯೋಗಿಗಳೂ ಪ್ರಕಟಿಸಿದರು. ಒಂದೆಡೆ ರಚನೆಯು ಕುದಿಯ ಎಲ್ಲೆಯನ್ನು ಏರಿಸಿತು. ಇನ್ನೊಂದೆಡೆ ಗುಳ್ಳೆಗುದಿಯನ್ನೇ ಇಲ್ಲವಾಗಿಸಿತು.

ಮೇಲಿನ ಚರಿತ್ರೆಯಿಂದ ಏರ್ಪಡುವುದಿಷ್ಟು. ಒರಟಾದ ಮೈ ಚೆನ್ನಾಗಿ ಕುದಿಸುತ್ತದೆಯೆಂಬ ಲಕ್ಷಣವು ಅತಿವ್ಯಾಪ್ತಿದೋಷದಿಂದ ಕೂಡಿದುದು. ಗುಳ್ಳೆಯ ಬೀಜವನ್ನು ಕಾಯುವ ಕುಳಿ, ನೀರಿಗೂ ಲೋಹಕ್ಕೂ ಇರುವ ಅಂಟು, ಬತ್ತಿದ ಎಡೆಗೆ ನೀರನ್ನು ಮರಳಿ ತರುವ ಸೂಕ್ಷ್ಮಮಾರ್ಗ ಎಂಬ ಮೂರು ಬೇರೆಬೇರೆ ಕಾರಣಗಳನ್ನು ಒರಟುತನವೆಂಬ ಒಂದೇ ಶಬ್ದವು ಬಹುಕಾಲ ಮುಚ್ಚಿಟ್ಟಿತ್ತು. ಪದವನ್ನು ಒಡೆದು ನೋಡಿದ ಮೇಲೆಯೇ ಪದಾರ್ಥವು ತಿಳಿಯಿತು. ಶಬ್ದವಿಚಾರದಲ್ಲಿ ತೊಡಗಿರುವ ನಮ್ಮ ಅಧ್ಯಾಪಕರು ಈ ನಿದರ್ಶನವನ್ನು ತರ್ಕಪಾಠದಲ್ಲಿ ಮಡಕೆಯ ದೃಷ್ಟಾಂತದ ಪಕ್ಕದಲ್ಲಿಟ್ಟು ಬೋಧಿಸಬಹುದು.