ತಂಪನ್ನು ಕಾಯ್ದವರು

1553ರಲ್ಲಿ ಬವೇರಿಯಾದ ಅಧಿಪತಿಯಾಗಿದ್ದ ಐದನೆಯ ಆಲ್ಬ್ರೆಕ್ಟನು ತನ್ನ ರಾಜ್ಯದ ಬಿಯರ್ ತಯಾರಕರಿಗೆಲ್ಲ ಒಂದು ಕಟ್ಟಳೆಯನ್ನು ವಿಧಿಸಿದನು: ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಮಾತ್ರವೇ ಬಿಯರನ್ನು ಕಾಯಿಸಬಹುದು, ಉಳಿದ ತಿಂಗಳುಗಳಲ್ಲಿ ಹಂಡೆಯ ಕೆಳಗೆ ಉರಿ ಹಾಕಕೂಡದು. ಪಾನವನ್ನು ತಗ್ಗಿಸಬೇಕೆಂಬ ಧರ್ಮಬುದ್ಧಿಯಿಂದ ಹುಟ್ಟಿದ ನಿಷೇಧ ಇದಲ್ಲ. ಬೇಸಗೆಯಲ್ಲಿ ಕಾಯಿಸಿದ ಬಿಯರು ಹುಳಿಯುತ್ತಿದ್ದಿತು, ಕೆಡುತ್ತಿದ್ದಿತು. ಕೆಡಿಸುವವು ಕಣ್ಣಿಗೆ ಕಾಣದ ಜೀವಾಣುಗಳೆಂಬುದನ್ನು ಪಾಸ್ತರನು ಬಿಯರಿನ ಕುರಿತಾದ ತನ್ನ ಗ್ರಂಥದಲ್ಲಿ ವಿವರಿಸಿದ್ದು 1876ರಲ್ಲಿ. ಅಲ್ಲಿಯವರೆಗೆ ಕಾರಣವನ್ನು ಅರಿಯದೆ ಇದ್ದರೂ, ಶೀತಕಾಲದ ಬಿಯರು ಬಾಳುತ್ತದೆ, ಉಷ್ಣಕಾಲದ್ದು ಬಾಳುವುದಿಲ್ಲವೆಂಬ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಆ ರಾಜ್ಯವು ಸೂರ್ಯನ ಎದುರಿಗೆ ತನ್ನ ಹಂಡೆಗಳನ್ನು ಇಳಿಸಿತು. ಈ ಕಟ್ಟಳೆ ರದ್ದಾದದ್ದು 1850ರಲ್ಲಿ. ಒಂದು ಪಾನೀಯದ ತಯಾರಿಕೆ ಸುಮಾರು ಮುನ್ನೂರು ವರ್ಷಗಳ ಕಾಲ ಋತುಚಕ್ರಕ್ಕೆ ಹೀಗೆ ಅಧೀನವಾಗಿದ್ದಿತೆಂಬುದನ್ನು ನೆನೆದರೆ, ಇಂದು ಅಮೆರಿಕದ ಯಾವುದೋ ಮನೆಯ ಗ್ಯಾರೇಜಿನಲ್ಲಿ, ಜುಲೈ ತಿಂಗಳ ಬಿಸಿಲಿನಲ್ಲಿ, ಕೆಟ್ಟುನಿಂತ ಫ್ರೀಜರಿನ ಮುಂದೆ ಕುಳಿತು ಒಳಗಿನ ಬಿಯರ್ ಪೀಪಾಯಿಗಳಿಗಾಗಿ ಪರಿತಪಿಸುವ ಗೃಹಸ್ಥನು ಎಷ್ಟು ಪುರಾತನವಾದ ಒಂದು ಸಂಕಟಕ್ಕೆ ವಾರಸುದಾರನೆಂಬುದು ತಿಳಿಯುತ್ತದೆ.

ಬವೇರಿಯಾದವರ ಲಾಗರ್ ಬಿಯರಿಗೆ ಶೈತ್ಯವು ಅಲಂಕಾರವಲ್ಲ, ಪ್ರಾಣ. ಅದನ್ನು ಹುದುಗಿಸುವ ಯೀಸ್ಟು ಏಳರಿಂದ ಹದಿಮೂರು ಡಿಗ್ರಿ ಸೆಲ್ಷಿಯಸ್ಸಿನ ತಂಪಿನಲ್ಲಿ ಮೆಲ್ಲಗೆ ಕೆಲಸ ಮಾಡಿ ಪಾತ್ರೆಯ ತಳಕ್ಕೆ ಇಳಿಯುವ ಜಾತಿಯದು. ಹುದುಗಿದ ಮೇಲೂ ಆ ಬಿಯರು ಹೆಪ್ಪುಗಟ್ಟುವ ಬಿಂದುವಿನ ಸಮೀಪದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಲಗಿದ್ದಲ್ಲದೆ ತಿಳಿಯಾಗದು, ಮೃದುವಾಗದು. ಆದಕಾರಣ ಮ್ಯೂನಿಕ್ಕಿನ ತಯಾರಕರು ಈಸರ್ ನದಿಯ ದಂಡೆಯ ಏರುನೆಲದಲ್ಲಿ ಆಳವಾದ ನೆಲಮಾಳಿಗೆಗಳನ್ನು ತೋಡಿ, ಚಳಿಗಾಲದಲ್ಲಿ ಕೆರೆಕೊಳಗಳಿಂದ ಕೊಯ್ದ ಮಂಜುಗಡ್ಡೆಯನ್ನು ಅವುಗಳಲ್ಲಿ ತುಂಬಿ, ಮೇಲಿನ ನೆಲಕ್ಕೆ ಜಲ್ಲಿಕಲ್ಲನ್ನು ಹರವಿ, ಅಗಲವಾದ ಎಲೆಗಳುಳ್ಳ, ಬೇರುಗಳು ಆಳಕ್ಕಿಳಿದು ಕಮಾನುಗಳನ್ನು ಸೀಳದ ಚೆಸ್ಟ್‌ನಟ್ ಮರಗಳನ್ನು ನೆಟ್ಟು ನೆರಳು ಮಾಡಿದರು. ಆ ನೆರಳಿನಲ್ಲಿ ಬೆಂಚುಗಳು ಬಂದವು, ಬೆಂಚುಗಳಿಗೆ ಜನ ಬಂದರು, ಪಟ್ಟಣದೊಳಗಿನ ಛತ್ರಗಳವರು ದೂರು ಹೇಳಿದರು. 1812ರಲ್ಲಿ ದೊರೆ ಮ್ಯಾಕ್ಸಿಮಿಲಿಯನ್ ಯೋಸೆಫನು, ನೆಲಮಾಳಿಗೆಯ ಬಳಿಯಲ್ಲಿ ಬಿಯರನ್ನು ಮಾರಬಹುದು, ಆದರೆ ರೊಟ್ಟಿಯ ಹೊರತು ಬೇರೆ ಆಹಾರವನ್ನು ಬಡಿಸಕೂಡದೆಂದು ತೀರ್ಪು ಕೊಟ್ಟನು. ಇಂದು ಲೋಕವೆಲ್ಲ ಮೆಚ್ಚುವ ಮ್ಯೂನಿಕ್ಕಿನ ಬಿಯರ್ ತೋಟಗಳು ಹೀಗೆ ಶಾಖನಿವಾರಣೆಯ ಉಪಾಯವೊಂದರ ಫಲ. ಯಾವ ವಿಲಾಸಿಯೂ ಅವುಗಳನ್ನು ಕಲ್ಪಿಸಿದವನಲ್ಲ.

ಆ ಕಾಲದಲ್ಲಿ ಮಂಜುಗಡ್ಡೆ ಸ್ವತಃ ಒಂದು ಮಹಾವ್ಯಾಪಾರದ ಸರಕಾಗಿದ್ದಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರನು 1833ರಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ 180 ಟನ್ನುಗಳಷ್ಟು ಗಡ್ಡೆಯನ್ನು ಕಲ್ಕತ್ತೆಗೆ ಕಳುಹಿಸಿದಾಗ, ನಾಲ್ಕು ತಿಂಗಳ ಪ್ರಯಾಣದಲ್ಲಿ, ಎರಡು ಬಾರಿ ಭೂಮಧ್ಯರೇಖೆಯನ್ನು ದಾಟಿಯೂ, ಸುಮಾರು 100 ಟನ್ನು ಕರಗದೆ ಉಳಿದಿದ್ದಿತು. ಅದೇ ವ್ಯಾಪಾರಕ್ಕಾಗಿ ಮದರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆಯೆಂದು ದಕ್ಷಿಣದೇಶದವರಿಗೆಲ್ಲ ಪರಿಚಿತವಾದ ಆ ಕಟ್ಟಡದ ದಪ್ಪ ಗೋಡೆಗಳು ಮೊದಲು ಮಾಡಿದ ಕೆಲಸ ಮ್ಯಾಸಚೂಸೆಟ್ಸಿನ ಸರೋವರಗಳ ನೀರ್ಗಲ್ಲನ್ನು ನಮ್ಮ ಸೆಖೆಯಿಂದ ಕಾಪಾಡಿದ್ದು. ಮರದ ಹೊಟ್ಟು, ದಪ್ಪ ಗೋಡೆ, ಬಿಗಿಯಾದ ಬಾಗಿಲು, ಇವಿಷ್ಟೇ ಟ್ಯೂಡರನ ವಿದ್ಯೆ.

ಆದರೆ ಚಳಿಗಾಲವನ್ನು ಯಾರು ನಂಬಬಲ್ಲರು? ಬೆಚ್ಚಗಿನ ಚಳಿಗಾಲವೊಂದು ಬಂದರೆ ಕೆರೆಗಳು ಗಟ್ಟಿಯಾಗುತ್ತಿರಲಿಲ್ಲ. ಗಡ್ಡೆಯಿಲ್ಲದ ನೆಲಮಾಳಿಗೆಯಲ್ಲಿ ಬೇಸಗೆಯ ಹೊತ್ತಿಗೆ ವರ್ಷದ ಬಂಡವಾಳವೇ ಹುಳಿಯಾಗುತ್ತಿದ್ದಿತು. ಈ ಭಯವೇ 1870ರ ಸುಮಾರಿಗೆ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದ ಯುವ ಅಧ್ಯಾಪಕನೊಬ್ಬನ ಲೇಖನಗಳನ್ನು ತಯಾರಕರು ಶ್ರದ್ಧೆಯಿಂದ ಓದುವಂತೆ ಮಾಡಿತು. ಅವನೇ ಕಾರ್ಲ್ ಲಿಂಡೆ. ಯಾಂತ್ರಿಕವಾಗಿ ಶಾಖವನ್ನು ಹೊರತೆಗೆಯುವುದರ ಸಿದ್ಧಾಂತವನ್ನು ಅವನು ಪ್ರಾಂತೀಯ ಕೈಗಾರಿಕಾ ಪತ್ರಿಕೆಯೊಂದರಲ್ಲಿ ವಿವೇಚಿಸಿದ್ದನು. ವಿಯೆನ್ನಾದ ಡ್ರೆಹರ್ ಕಾರ್ಖಾನೆಯ ಆಗಸ್ಟ್ ಡೈಗ್ಲ್‌ಮಾಯರನು ಅದನ್ನು ಓದಿ ಯಂತ್ರವನ್ನೇ ಕಟ್ಟಿಕೊಡುವಂತೆ ಕೇಳಿದನು. ಮ್ಯೂನಿಕ್ಕಿನ ಸ್ಪಾಟೆನ್ ಕಾರ್ಖಾನೆಯ ಗೇಬ್ರಿಯಲ್ ಸೆಡ್ಲ್‌ಮಾಯರನು ಪ್ರಯೋಗಕ್ಕೆ ತನ್ನ ಸ್ಥಳವನ್ನು ತೆರೆದುಕೊಟ್ಟನು. ಲಿಂಡೆಗಿಂತ ಮೊದಲೇ ಆಸ್ಟ್ರೇಲಿಯಾದ ಗೀಲಾಂಗಿನಲ್ಲಿ ಪತ್ರಿಕೋದ್ಯಮಿ ಜೇಮ್ಸ್ ಹ್ಯಾರಿಸನ್ ಈಥರಿನಿಂದ ನಡೆಯುವ ಮಂಜಿನ ಯಂತ್ರವನ್ನು ಮಾಡಿದ್ದನೆಂಬುದು ನಿಜ. ಲಿಂಡೆಯ ಹಿರಿಮೆ ಬೇರೆಯ ಬಗೆಯದು: ಯಂತ್ರದಲ್ಲಿ ಶಕ್ತಿ ಎಲ್ಲೆಲ್ಲಿ ವ್ಯರ್ಥವಾಗುತ್ತದೆಂಬುದನ್ನು ಲೆಕ್ಕಹಾಕಿ ನೋಡಿದ ಮೇಲೆಯೇ ಅವನು ಕಬ್ಬಿಣಕ್ಕೆ ಕೈ ಹಾಕಿದನು.

ಹಾಗೆ ಲೆಕ್ಕಹಾಕಿ ಕಟ್ಟಿದ ಮೊದಲನೆಯ ಯಂತ್ರವೂ ಸೋರಿತು. ಔಗ್ಸ್‌ಬುರ್ಗಿನ ಯಂತ್ರಾಗಾರದಲ್ಲಿ ತಯಾರಾಗಿ 1873ರಲ್ಲಿ ಸ್ಪಾಟೆನ್‌ನಲ್ಲಿ ನಿಂತ ಅದರೊಳಗೆ ಹರಿಯುತ್ತಿದ್ದುದು ಮೀಥೈಲ್ ಈಥರ್, ಬೆಂಕಿ ತಗುಲಿದರೆ ಹೊತ್ತುವ ಅನಿಲ. ಅದನ್ನು ತಡೆದಿಡಲು ಲಿಂಡೆ ಪಾದರಸದ ಮುದ್ರೆಯನ್ನು ಯೋಜಿಸಿದ್ದನು. ಚಲಿಸುವ ದಂಡವು ಸ್ಥಿರವಾದ ಕೋಶದೊಳಗೆ ಪ್ರವೇಶಿಸುವ ಆ ಒಂದು ಸಂಧಿಯಲ್ಲಿ ಸಿದ್ಧಾಂತವೆಲ್ಲ ಸೋತಿತು. ಪಾದರಸ ನಿಲ್ಲಲಿಲ್ಲ, ಅನಿಲ ಉಳಿಯಲಿಲ್ಲ. ಲಿಂಡೆ ಎರಡನೆಯ ಯಂತ್ರದಲ್ಲಿ ಈಥರನ್ನು ಬಿಟ್ಟು ಅಮೋನಿಯಾವನ್ನು ಹಿಡಿದನು, ಪಾದರಸದ ಬದಲು ಗ್ಲಿಸರೀನನ್ನು ತಂದನು. ಆ ಮಾದರಿಯ ಯಂತ್ರ ಟ್ರಿಯೆಸ್ಟಿನ ಡ್ರೆಹರ್ ಕಾರ್ಖಾನೆಗೆ ಹೋಗಿ 1908ರವರೆಗೂ ದುಡಿಯಿತು. 1883-84ರ ಚಳಿಗಾಲ ಬೆಚ್ಚಗಾಗಿ ಗಡ್ಡೆ ಸಿಗದೆ ಹೋದಾಗ, ಅದುವರೆಗೆ ಹಿಂಜರಿದಿದ್ದ ತಯಾರಕರೂ ಯಂತ್ರಕ್ಕಾಗಿ ಅವನ ಬಾಗಿಲಿಗೆ ಬಂದರು. ಲಿಂಡೆಯನ್ನು ಸ್ಮರಿಸುವವರು ಅವನ ಉಷ್ಣಶಾಸ್ತ್ರವನ್ನು ಕೊಂಡಾಡುತ್ತಾರೆ. ನನ್ನ ಮಟ್ಟಿಗೆ, ತನ್ನ ಯಂತ್ರ ಎಲ್ಲಿ ಸೋರುತ್ತದೆಂಬುದನ್ನು ಹುಡುಕಿ ಕಂಡು ಒಪ್ಪಿಕೊಂಡು ಮತ್ತೆ ಕಟ್ಟಿದ ಆ ಮೂರು ನಾಲ್ಕು ವರ್ಷಗಳ ತಾಳ್ಮೆಯೇ ಅವನ ಜೀವನದ ಅತ್ಯಂತ ಗೌರವಾರ್ಹವಾದ ಭಾಗ.

ತಂಪೆಂಬುದು ತಯಾರಿಸಿ ತುಂಬಿಡತಕ್ಕ ಪದಾರ್ಥವಲ್ಲ. ದ್ರವವೊಂದು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರು ಒತ್ತಿ ಬಿಸಿಮಾಡಿ ಹೊರಗಿನ ಕೊಳವೆಗಳಿಗೆ ನೂಕುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟು ಮತ್ತೆ ದ್ರವವಾಗಿ, ಸೂಕ್ಷ್ಮವಾದ ನಾಳವೊಂದರ ಮೂಲಕ ಒಳಗೆ ಬರುತ್ತದೆ. ಸೋರುವ ದೋಣಿಯಲ್ಲಿ ಕುಳಿತವನು ಒಳಗೆ ಬಂದ ನೀರನ್ನು ಎಡೆಬಿಡದೆ ಮೊಗೆದು ಚೆಲ್ಲುವಂತೆ, ಒಳನುಗ್ಗುವ ಶಾಖವನ್ನು ಈ ಯಂತ್ರವು ಮೊಗೆಮೊಗೆದು ಹೊರಚೆಲ್ಲುತ್ತದೆ. ಆದುದರಿಂದ ಕೆಟ್ಟ ಶೀತಕಯಂತ್ರವನ್ನು ಪರೀಕ್ಷಿಸುವವನು ಕೇಳತಕ್ಕ ಪ್ರಶ್ನೆಗಳು ಎರಡೇ: ಶಾಖ ಎಲ್ಲಿಂದ ಒಳಗೆ ಬರುತ್ತಿದೆ? ಹೊರಗೆ ಹೋಗುವ ದಾರಿ ಎಲ್ಲಿ ಕಟ್ಟಿದೆ?

ಯಂತ್ರವು ಅಮೆರಿಕದ ಅಡುಗೆಮನೆಗೆ ಬಂದ ಕಥೆಯಲ್ಲಿಯೂ ಸೋರಿಕೆಯೇ ಪ್ರಧಾನಪಾತ್ರ. 1920ರ ದಶಕದ ಗೃಹಯಂತ್ರಗಳಲ್ಲಿ ಗಂಧಕದ ಡಯಾಕ್ಸೈಡು, ಮೀಥೈಲ್ ಕ್ಲೋರೈಡುಗಳಂತಹ ವಿಷಾನಿಲಗಳು ಹರಿಯುತ್ತಿದ್ದವು. ಬರ್ಲಿನ್ನಿನ ಕುಟುಂಬವೊಂದು ಇಂತಹ ಸೋರಿಕೆಯಿಂದ ರಾತ್ರೋರಾತ್ರಿ ಮಡಿದ ವಾರ್ತೆಯನ್ನು ಓದಿ ಮನನೊಂದು ಆಲ್ಬರ್ಟ್ ಐನ್‌ಸ್ಟೈನರು ಲಿಯೋ ಸಿಲಾರ್ಡನೊಡಗೂಡಿ ಚಲಿಸುವ ಭಾಗವೇ ಇಲ್ಲದ ಶೀತಕಯಂತ್ರವನ್ನು ಚಿಂತಿಸಿದರೆಂದು ಹೇಳುತ್ತಾರೆ. ಅದಕ್ಕೆ 1930ರಲ್ಲಿ ಅಮೆರಿಕದ ಪೇಟೆಂಟು ದೊರೆತದ್ದಂತೂ ದಾಖಲೆಯ ಮಾತು. ಅದೇ ವರ್ಷ ಥಾಮಸ್ ಮಿಜ್ಲಿಯು ವಿಷವೂ ಅಲ್ಲದ, ಹೊತ್ತದೆಯೂ ಇರುವ ಫ್ರಿಯಾನನ್ನು ಲೋಕಕ್ಕೆ ತೋರಿಸಿದನು. ಅದು ಓಜೋನ್ ಪದರವನ್ನು ತಿನ್ನುತ್ತದೆಂದು ಮೊಲಿನಾ ಮತ್ತು ರೋಲೆಂಡರು ಎಚ್ಚರಿಸಿದ್ದು 1974ರಲ್ಲಿ. ಅಷ್ಟರೊಳಗೆ, ಮೋಟಾರನ್ನೂ ಕಂಪ್ರೆಸರನ್ನೂ ಒಂದೇ ಉಕ್ಕಿನ ಗುಡಾಣದೊಳಗಿಟ್ಟು ಬೆಸುಗೆ ಹಾಕುವ ಪದ್ಧತಿ ನೆಲೆಗೊಂಡಿದ್ದಿತು. ಲಿಂಡೆಯನ್ನು ಕಾಡಿದ ಆ ಸಂಧಿಯೇ ಅದರಿಂದ ಇಲ್ಲವಾಯಿತು, ನಿಜ. ಆದರೆ ಯಂತ್ರವು ಮನೆಯವರ ಕಣ್ಣಿಗೂ ಕೈಗೂ ಮರೆಯಾಯಿತು. ನೆಲಮಾಳಿಗೆಯ ಕಾವಲುಗಾರನಿಗೆ ತನ್ನ ಗಡ್ಡೆ ಎಷ್ಟು ಕರಗಿದೆಯೆಂಬುದು ಕಾಣುತ್ತಿದ್ದಿತು. ಬಿಳಿಯ ಪೆಟ್ಟಿಗೆಯ ಒಡೆಯನಿಗೆ ಅದರ ಗುಂಜಾರವದ ಹೊರತು ಬೇರೆ ಸಾಕ್ಷಿಯಿಲ್ಲ. ಈ ನಷ್ಟವನ್ನು ನಾನು ಸಣ್ಣದೆಂದು ಎಣಿಸಲಾರೆ.

ಆ ಪೆಟ್ಟಿಗೆಯನ್ನು ಮತ್ತೆ ಅರ್ಥಮಾಡಿಕೊಳ್ಳುವಂತೆ ಮಾಡಿದವರು ಮನೆಯಲ್ಲಿ ಬಿಯರು ಕಾಯಿಸುವ ಹವ್ಯಾಸಿಗಳು. ಪಾನನಿರೋಧ 1933ರಲ್ಲಿ ತೊಲಗಿದರೂ ಅಮೆರಿಕದ ಕಾನೂನು ಮನೆಯ ದ್ರಾಕ್ಷಾರಸಕ್ಕೆ ಅನುಮತಿ ಕೊಟ್ಟು ಮನೆಯ ಬಿಯರನ್ನು ಮರೆತಿದ್ದಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರರು ಸಹಿ ಮಾಡಿದ ಶಾಸನವು, ಇಬ್ಬರು ವಯಸ್ಕರುಳ್ಳ ಮನೆಯು ವರ್ಷಕ್ಕೆ 200 ಗ್ಯಾಲನ್ನಿನವರೆಗೆ ಸುಂಕವಿಲ್ಲದೆ ಬಿಯರು ಮಾಡಿಕೊಳ್ಳಬಹುದೆಂದಿತು. ಮೊದಲಿಗೆ ಎಲ್ಲರೂ ಸೀಸೆಗಳಲ್ಲಿಯೇ ತುಂಬುತ್ತಿದ್ದರು. ಮುಂದೆ ಸೋಡಾ ಕಂಪನಿಗಳು ತಮ್ಮ ಪಾಕವನ್ನು ಐದು ಗ್ಯಾಲನ್ನಿನ, ಎಂದರೆ ಸುಮಾರು 19 ಲೀಟರಿನ ಉಕ್ಕಿನ ಪೀಪಾಯಿಗಳಲ್ಲಿ ಕಳುಹಿಸುವುದನ್ನು ಬಿಟ್ಟು ರಟ್ಟಿನ ಪೆಟ್ಟಿಗೆಯೊಳಗಿನ ಚೀಲಗಳಿಗೆ ತಿರುಗಿದಾಗ, ಬೇಡವಾದ ಪೀಪಾಯಿಗಳು ಅಗ್ಗವಾಗಿ ಹವ್ಯಾಸಿಗಳ ಕೈಸೇರಿದವು. ಅವುಗಳನ್ನು ತಂಪಾಗಿಡಲು ಮೇಲ್ಮುಚ್ಚಳದ ಫ್ರೀಜರಿಗಿಂತ ಅನುಕೂಲವಾದುದು ಬೇರೆ ಇರಲಿಲ್ಲ. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಮರದ ಚೌಕಟ್ಟೊಂದನ್ನು ಕೂರಿಸಿ, ಅದಕ್ಕೆ ರಂಧ್ರ ಕೊರೆದು ನಲ್ಲಿಗಳನ್ನು ಸಿಕ್ಕಿಸಿ, ಹೊರಗಿನಿಂದ ಒಂದು ತಾಪನಿಯಂತ್ರಕವನ್ನು ಜೋಡಿಸಿದರೆ ಹವ್ಯಾಸಿಗಳು ಕೀಜರ್ ಎಂದು ಕರೆಯುವ ಸಾಧನ ಸಿದ್ಧವಾಯಿತು. ಆ ನಿಯಂತ್ರಕದ ವಂಶವನ್ನು ಹುಡುಕಿದರೆ ಬಿಯರಿನ ನಗರವಾದ ಮಿಲ್ವಾಕಿಗೇ ಹೋಗಿ ಮುಟ್ಟುತ್ತೇವೆ: ತರಗತಿಯ ಕೊಠಡಿಗಳ ಸೆಖೆ ಚಳಿಗಳನ್ನು ಸರಿಪಡಿಸಲು ವಿದ್ಯುತ್ ಥರ್ಮೋಸ್ಟಾಟನ್ನು ರಚಿಸಿ 1883ರಲ್ಲಿ ಪೇಟೆಂಟು ಪಡೆದ ಅಧ್ಯಾಪಕ ವಾರನ್ ಜಾನ್ಸನ್ ಅಲ್ಲಿ ಸ್ಥಾಪಿಸಿದ ಸಂಸ್ಥೆಯ ಉಪಕರಣವನ್ನೇ ಬಹುಕಾಲ ಹವ್ಯಾಸಿಗಳು ನೆಚ್ಚಿಕೊಂಡಿದ್ದರು.

ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ನಿಲ್ಲಲು ಹುಟ್ಟಿದ ಯಂತ್ರವನ್ನು ನಾಲ್ಕು ಡಿಗ್ರಿಯಲ್ಲಿ ನಿಲ್ಲಿಸುವುದು ಅದರ ಸ್ವಭಾವಕ್ಕೆ ವಿರುದ್ಧ; ಅದರ ವ್ಯಾಧಿಗಳೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತವೆ. ಹಿಮವಾಗಿ ಗೋಡೆಗೆ ಅಂಟಬೇಕಾಗಿದ್ದ ತೇವವು ನೀರಾಗಿಯೇ ಇಳಿದು ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಮರದ ಚೌಕಟ್ಟಿನ ಅಂಚಿನಲ್ಲಿ ರಬ್ಬರಿನ ಪಟ್ಟಿ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಹೊರಗಿನ ತೇವಗಾಳಿ ಹಗಲಿರುಳು ಒಳನುಸುಳುತ್ತದೆ. ತಾಪವನ್ನು ಅಳೆಯುವ ತಂತಿಯ ತುದಿಯನ್ನು ಪೀಪಾಯಿಯ ಮೈಗೆ ಒತ್ತಿ ಕಟ್ಟದೆ ಗಾಳಿಯಲ್ಲಿ ತೂಗಬಿಟ್ಟರೆ, ಮುಚ್ಚಳ ತೆರೆದಾಗಲೆಲ್ಲ ಕಂಪ್ರೆಸರು ಎಚ್ಚೆತ್ತು ಹೊರಳಾಡುತ್ತದೆ. ಆ ತುದಿಯೇ ಜಾರಿ ಪೆಟ್ಟಿಗೆಯ ಹೊರಗೆ ಬಿದ್ದರೆ ಯಂತ್ರ ನಿಲ್ಲದೆ ಓಡಿ, ಶೂನ್ಯಕ್ಕಿಂತ ಎರಡು ಎರಡೂವರೆ ಡಿಗ್ರಿ ಕೆಳಗಾದೊಡನೆ ಬಿಯರು ಹೆಪ್ಪುಗಟ್ಟತೊಡಗುತ್ತದೆ. ನಿಂತ ಕಂಪ್ರೆಸರು ಮರುಕ್ಷಣವೇ ಹೊರಡಲಾರದು. ಎರಡೂ ಕಡೆಯ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷಗಳ ಬಿಡುವು ಬೇಕು, ಅದನ್ನು ಕೊಡದ ನಿಯಂತ್ರಕವು ಮೋಟಾರನ್ನು ಸುಟ್ಟೀತು.

ಯಂತ್ರ ಕೆಟ್ಟಿತೆಂಬ ಸುದ್ದಿಯನ್ನು ಮೊದಲು ಹೇಳುವುದು ಬಿಯರೇ. ಬೆಚ್ಚಗಾದ ದ್ರವವು ತನ್ನೊಳಗಿನ ಅಂಗಾರಾಮ್ಲವನ್ನು ಹಿಡಿದಿಡಲಾರದೆ ನಲ್ಲಿಯಿಂದ ಬರಿಯ ನೊರೆಯಾಗಿ ಬೀಳುತ್ತದೆ. ಆಗ ಬಲ್ಲವನು ಮೊಟ್ಟಮೊದಲು ನಿಯಂತ್ರಕವನ್ನು ಬದಿಗಿಟ್ಟು ಫ್ರೀಜರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತಾನೆ. ಅದು ಓಡಿದರೆ ದೋಷ ನಿಯಂತ್ರಕದ್ದು, ಪೆಟ್ಟಿಗೆಯದ್ದಲ್ಲ. ಓಡದೆ, ಕೆಲವು ನಿಮಿಷಗಳಿಗೊಮ್ಮೆ ಟಿಕ್ಕೆಂದು ಸದ್ದುಮಾಡಿ ಸುಮ್ಮನಾಗುತ್ತಿದ್ದರೆ ಕಂಪ್ರೆಸರು ಹೊರಡಲು ಹೆಣಗುತ್ತಿದೆಯೆಂದೂ, ಅದರ ಪಕ್ಕದ ರಿಲೇ ಎಂಬ ಅಲ್ಪಬೆಲೆಯ ಬಿಡಿಭಾಗವನ್ನು ಬದಲಿಸಿದರೆ ಬಹಳ ಸಲ ಸರಿಹೋಗುತ್ತದೆಂದೂ ಅನುಭವಸ್ಥರು ಬಲ್ಲರು. ಕಂಪ್ರೆಸರು ಗಂಟೆಗಟ್ಟಲೆ ಓಡುತ್ತಿದ್ದರೂ ಹೊರಮೈಯ ತಗಡು ಬೆಚ್ಚಗಾಗದೆ, ಒಳಗೋಡೆಯ ಒಂದು ಮೂಲೆಯಲ್ಲಿ ಮಾತ್ರ ತಂಪು ಕಾಣಿಸಿಕೊಂಡರೆ, ಒಳಗಿನ ಅನಿಲ ಸೋರಿಹೋಗಿದೆಯೆಂದು ತಿಳಿಯತಕ್ಕದ್ದು. ಇಂತಹ ಪೆಟ್ಟಿಗೆಗಳಲ್ಲಿ ಕೊಳವೆಗಳು ಗೋಡೆಯೊಳಗೆ, ನೊರೆಯಂತಹ ಹೊದಿಕೆಯ ನಡುವೆ ಹುದುಗಿರುವುದರಿಂದ ಸೋರುವ ಬಿಂದು ಕಣ್ಣಿಗೆ ಸಿಗದು. ಅವುಗಳ ಸುಳಿವರಿಯದೆ ಗೋಡೆಗೇ ರಂಧ್ರ ಕೊರೆದು ಅನಿಲವನ್ನು ಕಳೆದುಕೊಂಡವರ ಅನುಭವವೇ ಮರದ ಚೌಕಟ್ಟಿನ ಪದ್ಧತಿಯನ್ನು ಭದ್ರಪಡಿಸಿತು. ಈಚಿನ ಯಂತ್ರಗಳಲ್ಲಿ ಹರಿಯುವುದು ಐಸೋಬ್ಯೂಟೇನ್; ಫ್ರಿಯಾನನ್ನು ಕೈಬಿಟ್ಟ ಲೋಕವು, ಲಿಂಡೆ ಭಯದಿಂದ ತೊರೆದ ಹೊತ್ತುವ ಅನಿಲಗಳ ಜಾತಿಗೇ, ಈ ಸಲ ಕೆಲವೇ ಹತ್ತು ಗ್ರಾಮುಗಳ ಮಿತಿಯಲ್ಲಿ, ಹಿಂದಿರುಗಿದೆ. ಹಾಗಾಗಿ ಆ ಕೊಳವೆಯನ್ನು ಕತ್ತರಿಸುವ, ಬೆಸೆಯುವ ಕೆಲಸ ಹವ್ಯಾಸಿಯದಲ್ಲ. ತರಬೇತಾದ ಕುಶಲಿಯ ಕೂಲಿಯಾದರೋ ಅನೇಕವೇಳೆ ಹೊಸ ಪೆಟ್ಟಿಗೆಯ ಬೆಲೆಯನ್ನೇ ಮೀರುತ್ತದೆ. ಆದುದರಿಂದ ಅನಿಲ ಸೋರಿದ ಪೆಟ್ಟಿಗೆಯನ್ನು ವಿಲೇವಾರಿ ಮಾಡುವ ಮುನ್ನ ಹವ್ಯಾಸಿಯು ಚೌಕಟ್ಟಿನ ತಿರುಪುಗಳನ್ನು ಬಿಚ್ಚಿ, ನಲ್ಲಿಗಳ ಸಮೇತ ಅದನ್ನು ಎತ್ತಿಟ್ಟುಕೊಳ್ಳುತ್ತಾನೆ. ಅದೇ ಅಳತೆಯ ಇನ್ನೊಂದು ಫ್ರೀಜರು ದೊರೆಯುವತನಕ ಪೀಪಾಯಿಗಳನ್ನು ತೊಟ್ಟಿಯಲ್ಲಿಟ್ಟು ಸುತ್ತಲೂ ಮಂಜುಗಡ್ಡೆಯನ್ನು ತುಂಬಿ, ಮೇಲೆ ದಪ್ಪ ಕಂಬಳಿಯನ್ನು ಹೊದಿಸುತ್ತಾನೆ.