ಅಪ್ಪ ಅಮ್ಮನ ಪಾಸ್‌ಪೋರ್ಟ್ ಕೇಳುವ ವಿಶ್ವವಿದ್ಯಾಲಯ

ಸೋಲ್ ನ್ಯಾಷನಲ್ ಯೂನಿವರ್ಸಿಟಿಗೆ ಹೊರದೇಶದಿಂದ ಅರ್ಜಿ ಹಾಕುವ ಹುಡುಗಿ ಕಳಿಸಬೇಕಾದ ಕಾಗದಗಳಲ್ಲಿ ಅಂಕಪಟ್ಟಿ ಇದೆ, ಶಿಫಾರಸು ಪತ್ರ ಇದೆ, ತನ್ನ ಬಗ್ಗೆ ತಾನೇ ಬರೆದ ಪ್ರಬಂಧ ಇದೆ. ಇವಕ್ಕೆ ಮನೆಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಪಟ್ಟಿಯಲ್ಲಿ ಇನ್ನೂ ಎರಡು ಸಾಲುಗಳಿವೆ. ಅಪ್ಪ ಅಮ್ಮ ಇಬ್ಬರೂ ಯಾವ ದೇಶದ ಪೌರರು ಎಂಬುದಕ್ಕೆ ದಾಖಲೆ. ಇವಳು ಅವರ ಮಗಳೇ ಎಂಬುದಕ್ಕೆ ಇನ್ನೊಂದು ದಾಖಲೆ. ವೆಸ್ಟ್ ಮಾಂಬಲಂನಂಥ ಬಡಾವಣೆಯ ಕನ್ನಡದ ಮನೆಯಲ್ಲಿ ಇದನ್ನು ಓದಿದರೆ ಅಮ್ಮ ಕೇಳುವುದು ಸಹಜ: ಓದೋಳು ಇವಳು, ನನ್ನ ಪಾಸ್‌ಪೋರ್ಟ್ ಅವರಿಗೆ ಯಾಕೆ?

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಅದೂ ಕೊರಿಯಾದ ಕಡೆಗಲ್ಲ, ಮೊದಲು ನಮ್ಮ ನಳಂದಕ್ಕೆ.

ಪುಲಕೇಶಿಯ ಬಗ್ಗೆ ಬರೆದದ್ದರಿಂದ ನಮಗೆಲ್ಲ ಶಾಲೆಯಿಂದಲೇ ಪರಿಚಯವಿರುವ ಹ್ಯೂಯೆನ್‌ತ್ಸಾಂಗ್, ಏಳನೆಯ ಶತಮಾನದ ನಳಂದದ ಬಾಗಿಲನ್ನೂ ವರ್ಣಿಸಿದ್ದಾನೆ. ಹೊರಗಿನಿಂದ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರಂತೆ. ಹತ್ತು ಜನರಲ್ಲಿ ಏಳೆಂಟು ಮಂದಿ ಉತ್ತರ ಹೇಳಲಾಗದೆ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು. ಹಾಗೆ ನಳಂದಕ್ಕೆ ಬಂದವರಲ್ಲಿ ಕೊರಿಯಾದವರೂ ಇದ್ದರು. ಅದೇ ಶತಮಾನದ ಕೊನೆಯಲ್ಲಿ ಇನ್ನೊಬ್ಬ ಚೀನೀ ಯಾತ್ರಿಕ ಇತ್ಸಿಂಗ್, ಭಾರತಕ್ಕೆ ಓದಲು ಬಂದ ಭಿಕ್ಷುಗಳ ಚಿಕ್ಕ ಚಿಕ್ಕ ಜೀವನಚರಿತ್ರೆಗಳನ್ನು ಬರೆದಿಟ್ಟ. ಕೊರಿಯಾದ ಸಿಲ್ಲಾ ರಾಜ್ಯದಿಂದ ಬಂದು ಆರ್ಯವರ್ಮ ಎಂಬ ಸಂಸ್ಕೃತ ಹೆಸರು ಇಟ್ಟುಕೊಂಡವನೊಬ್ಬ ಅದರಲ್ಲಿದ್ದಾನೆ. ನಳಂದದಲ್ಲಿ ತಾಳೆಗರಿ ಪ್ರತಿ ಮಾಡಿಕೊಂಡ, ಊರಿಗೆ ಮರಳಬೇಕೆಂದುಕೊಂಡ, ಆಗಲಿಲ್ಲ, ಎಪ್ಪತ್ತು ದಾಟಿ ಅಲ್ಲೇ ತೀರಿಕೊಂಡ. ಹ್ಯೇಅಪ್ ಎಂಬ ಇನ್ನೊಬ್ಬ ಸಿಲ್ಲಾದವನು ಅಲ್ಲಿದ್ದದ್ದು ಇತ್ಸಿಂಗನಿಗೆ ತಿಳಿದದ್ದು, ಗ್ರಂಥಗಳನ್ನು ನೋಡುವಾಗ ಒಂದು ಹೊತ್ತಗೆಯಲ್ಲಿ ಕಂಡ ಟಿಪ್ಪಣಿಯಿಂದ: ಇಂಥ ಮರದ ಕೆಳಗೆ ಕೂತು ಸಿಲ್ಲಾದ ಭಿಕ್ಷು ಇದನ್ನು ಪ್ರತಿ ಮಾಡಿದ ಎಂದು. ವಿದೇಶಿ ವಿದ್ಯಾರ್ಥಿಯ ಪಾಡು ಇಷ್ಟು ಚಿಕ್ಕದಾಗಿ, ಇಷ್ಟು ಪೂರ್ಣವಾಗಿ ಬೇರೆಲ್ಲೂ ದಾಖಲಾಗಿದ್ದು ನಾನು ಕಂಡಿಲ್ಲ.

ನಳಂದದ ಬಾಗಿಲು ಕೇಳುತ್ತಿದ್ದದ್ದು ವಿದ್ಯೆಯನ್ನು. ಯಾವ ದೇಶ, ಯಾರ ಮಗ ಎಂಬುದು ಅಲ್ಲಿ ತೂಕಕ್ಕೆ ಬರುತ್ತಿರಲಿಲ್ಲ. ಚೀನಾದ ಟಾಂಗ್ ದೊರೆಗಳ ಕಾಲಕ್ಕೆ ಬೇರೊಂದು ಪದ್ಧತಿ ಕಾಣುತ್ತದೆ. ಅಲ್ಲಿ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಹೊರದೇಶದವರಿಗೆಂದೇ ಪ್ರತ್ಯೇಕ ವಿಭಾಗವಿತ್ತು, ಅತಿಥಿಗಳ ಬಾಗಿಲು ಅನ್ನಬಹುದು. ಸಿಲ್ಲಾದ ಚ್ವೆ ಚಿವೊನ್ 868ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿ, ಹಡಗು ಹತ್ತಿದ. ಹತ್ತು ವರ್ಷದಲ್ಲಿ ಪಾಸಾಗದಿದ್ದರೆ ನನ್ನ ಮಗ ಅನ್ನಿಸಿಕೊಳ್ಳಬೇಡ ಎಂದು ಅಪ್ಪ ಹೇಳಿ ಕಳಿಸಿದನಂತೆ. (ಐಐಟಿ ಕೋಚಿಂಗಿಗೆ ಮಗನನ್ನು ಸೇರಿಸುವ ಅಪ್ಪಂದಿರು ಇಷ್ಟು ನೇರವಾಗಿ ಹೇಳುವುದಿಲ್ಲ, ಅಷ್ಟೇ.) ಆರೇ ವರ್ಷಕ್ಕೆ, 874ರಲ್ಲಿ, ಅವನು ಪಾಸಾದ. ಚೀನಾದಲ್ಲಿ ಹುದ್ದೆ ಸಿಕ್ಕಿತು, ಕವಿಯೆಂದು ಹೆಸರು ಬಂತು. 885ರಲ್ಲಿ ಊರಿಗೆ ಮರಳಿದರೆ, ಹುಟ್ಟಿನ ಅಂತಸ್ತಿನ ಮೇಲೆ ನಡೆಯುವ ಸಿಲ್ಲಾದ ಆಡಳಿತದಲ್ಲಿ ಅವನು ಏರಬಹುದಾದ ಮೆಟ್ಟಿಲು ಅಲ್ಲಿಗೇ ಮುಗಿದಿತ್ತು. ಕೊನೆಗೆ ಬೆಟ್ಟ ಸೇರಿದ.

ಅಂದರೆ ಪರದೇಶದವರಿಗೆ ಪಕ್ಕದ ಬಾಗಿಲು ಎಂಬ ಏರ್ಪಾಡನ್ನು ಕೊರಿಯಾದವರು ಮೊದಲು ಅರ್ಜಿದಾರರಾಗಿ ಕಂಡವರು. ಈಗ ಬಾಗಿಲು ಕಾಯುವ ಸರದಿ ಅವರದು.

ಆ ಬಾಗಿಲು ಈಗ ಹೇಗಿದೆ? ಕೊರಿಯಾದ ಮಕ್ಕಳು ನವೆಂಬರ್‌ನಲ್ಲಿ ಸುನುಂಗ್ ಎಂಬ ಪರೀಕ್ಷೆ ಬರೆಯುತ್ತಾರೆ. 1993ರಲ್ಲಿ ಶುರುವಾದದ್ದು. ಇಂಗ್ಲಿಷ್ ಆಲಿಸುವ ಭಾಗ ನಡೆಯುವಾಗ ದೇಶದಲ್ಲಿ ವಿಮಾನಗಳು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಸೋಲ್ ಸುತ್ತಮುತ್ತ ಜನ ಕಿಕ್ಕಿರಿಯಬಾರದೆಂದು 1982ರ ಕಾಯ್ದೆಯೊಂದು ಅಲ್ಲಿನ ವಿಶ್ವವಿದ್ಯಾಲಯಗಳು ಸೀಟು ಹೆಚ್ಚಿಸಿಕೊಳ್ಳುವುದಕ್ಕೂ ಕಡಿವಾಣ ಹಾಕಿತು. ಸೀಟು ಕಡಿಮೆ, ಆಸೆಪಡುವ ಮನೆಗಳು ಲಕ್ಷಗಟ್ಟಲೆ. ಹೊರದೇಶದವರನ್ನು ಮಾತ್ರ ಈ ಲೆಕ್ಕದ ಹೊರಗೆ ಸೇರಿಸಿಕೊಳ್ಳಲು ಅವಕಾಶವಿದೆ. ಅವರು ಸುನುಂಗ್ ಬರೆಯಬೇಕಿಲ್ಲ, ಕಾಗದಪತ್ರ ನೋಡಿ, ಕೆಲವೊಮ್ಮೆ ಸಂದರ್ಶನ ಮಾಡಿ ಆರಿಸುತ್ತಾರೆ.

ಇಂಥ ಬಾಗಿಲು ತೆರೆದರೆ ಯಾರು ನುಗ್ಗುತ್ತಾರೆ? ನಮ್ಮಲ್ಲಿ ಎನ್‌ಆರ್‌ಐ ಕೋಟಾ ನೋಡಿದವರಿಗೆ ವಿವರಿಸಬೇಕಿಲ್ಲ. ಹೊರದೇಶದ ಪಾಸ್‌ಪೋರ್ಟ್ ಇಟ್ಟುಕೊಂಡ ಸ್ವಂತ ಜನರಿಗೆ ಕೊರಿಯನ್ನರು ‘ಕಪ್ಪು ಕೂದಲಿನ ವಿದೇಶಿ’ ಎಂಬ ಕುಹಕದ ಹೆಸರನ್ನೇ ಇಟ್ಟಿದ್ದಾರೆ. ಮಗುವಿನ ಪೌರತ್ವವೊಂದೇ ಸಾಲದು, ತಂದೆ ತಾಯಿ ಇಬ್ಬರೂ ಕೊರಿಯನ್ನರಲ್ಲದಿರಬೇಕು ಎಂಬ ಷರತ್ತಿನ ಹಿಂದಿರುವುದು ಈ ಭಯ. ಇಲ್ಲವಾದರೆ ಶಾಲೆಯ ಹನ್ನೆರಡೂ ವರ್ಷ ಹೊರದೇಶದಲ್ಲೇ ಓದಿರಬೇಕು, ಅದು ಬೇರೆ ಸಾಲು. ವೆಸ್ಟ್ ಮಾಂಬಲಂನ ಅಮ್ಮನ ಪಾಸ್‌ಪೋರ್ಟ್ ಕೇಳುವಾಗ ಸೋಲ್‌ನ ಗುಮಾಸ್ತರ ಕಣ್ಣಿರುವುದು ಅವಳ ಮೇಲಲ್ಲ, ತಮ್ಮದೇ ಊರಿನ ಶ್ರೀಮಂತ ಅಪ್ಪನೊಬ್ಬನ ಮೇಲೆ.

ಈ ದೇಶ ನಮ್ಮ ಮಕ್ಕಳನ್ನು ಆರಿಸುವ ಮಟ್ಟಕ್ಕೆ ಬಂದದ್ದು ಒಂದು ಆಯುಷ್ಯದೊಳಗೆ. ಇದಕ್ಕೆ ಮದರಾಸಿನಲ್ಲೇ ಒಂದು ಗುರುತು ಇದೆ. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ, ಊರಿಗೆ ಮರಳಲೊಲ್ಲದ ಸೆರೆಯಾಳುಗಳ ವಿಚಾರಣೆಗೆ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ. ಸೆರೆಯಾಳನ್ನು ಡೇರೆಯೊಳಗೆ ಕರೆದು ಮಾತಾಡಿಸುತ್ತಿದ್ದರು. ಹೊರಹೋಗಲು ಎರಡು ಬಾಗಿಲು, ಒಂದು ಊರಿಗೆ, ಇನ್ನೊಂದು ಎದುರು ಪಕ್ಷಕ್ಕೆ. ಎರಡೂ ಬೇಡವೆಂದ 88 ಮಂದಿ, ಹೆಚ್ಚಿನವರು ಕೊರಿಯನ್ನರು, ಹನ್ನೆರಡು ಜನ ಚೀನೀಯರು, ಭಾರತದ ಸೈನಿಕರೊಂದಿಗೆ ಆಸ್ಟೂರಿಯಾಸ್ ಎಂಬ ಹಡಗು ಹತ್ತಿ 1954ರ ಫೆಬ್ರವರಿಯಲ್ಲಿ ಮದರಾಸು ಬಂದರಿನಲ್ಲಿ ಇಳಿದರು. ಬಹಳ ಜನ ಆಮೇಲೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಭಾರತದಲ್ಲೇ ಉಳಿದರು.

ಅದೇ 1954ರಲ್ಲಿ ಸೋಲ್ ನ್ಯಾಷನಲ್ ಯೂನಿವರ್ಸಿಟಿಯ ಮೇಷ್ಟ್ರುಗಳನ್ನು ಅಮೆರಿಕದ ಮಿನೆಸೋಟಾಕ್ಕೆ ಕಳಿಸಿ ತಯಾರು ಮಾಡುವ ಯೋಜನೆ ಶುರುವಾಗಿ 1962ರವರೆಗೆ ನಡೆಯಿತು. ವೆಸ್ಟ್ ಮಾಂಬಲಂನಿಂದ ಕೆಲವೇ ಮೈಲಿ ದೂರದಲ್ಲಿ ಜರ್ಮನರ ನೆರವಿನಿಂದ ಐಐಟಿ ತಲೆ ಎತ್ತಿದ್ದು 1959ರಲ್ಲಿ. ಇಂದು ಕೈಸ್ಟ್ ಎಂದು ಹೆಸರಾದ ಸಂಸ್ಥೆ ಅಮೆರಿಕದ ಸಾಲದ ಹಣದಲ್ಲಿ ಹುಟ್ಟಿದ್ದು 1971ರಲ್ಲಿ. ಐಐಟಿಯಲ್ಲಿ ಓದಿದ ನಮ್ಮವರು ಪಶ್ಚಿಮಕ್ಕೆ ಹೋದರು. ಕೈಸ್ಟ್‌ನ ಉದ್ದೇಶವೇ ಮಕ್ಕಳು ಹಾಗೆ ಹೋಗದಂತೆ ಮನೆಯಲ್ಲೇ ಉಳಿಸುವುದಾಗಿತ್ತು, ಅದಕ್ಕೆ ಸೈನ್ಯದ ಕಡ್ಡಾಯ ಸೇವೆಯಿಂದ ವಿನಾಯಿತಿಯನ್ನೂ ಕೊಟ್ಟರು. ಎರಡರಲ್ಲಿ ಯಾವುದು ಮೇಲು ಎಂಬ ವಾದ ಬೇಡ. ಉಳಿಸಿಕೊಳ್ಳುವುದನ್ನು ಗುರಿಯಾಗಿ ಬರೆದುಕೊಂಡವರು ಅವರು, ನಾವಲ್ಲ.

1996ರಲ್ಲಿ ಹ್ಯುಂಡೈ ಚೆನ್ನೈಗೆ ಬಂತು. ಎರಡು ವರ್ಷಕ್ಕೆ ಇರುಂಗಾಟ್ಟುಕೋಟ್ಟೈಯಿಂದ ಸ್ಯಾಂಟ್ರೋ ಹೊರಬಿತ್ತು. ಅದರ ಹಿಂದೆ ಬಿಡಿಭಾಗದ ಕಂಪನಿಗಳು, ಕೊರಿಯನ್ ಹೋಟೆಲುಗಳು, 2006ರಲ್ಲಿ ಇಂಕೋ ಸೆಂಟರ್, ಅಲ್ಲಿ ಭಾಷೆಯ ತರಗತಿ. ಕನ್ನಡ ಮಾತಾಡುವ ಮಗುವಿಗೆ ಆ ಭಾಷೆಯ ವಾಕ್ಯ ಕಷ್ಟವಾಗುವುದಿಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯ ನಾಮಪದದ ಹಿಂದೆ ಅಂಟುತ್ತದೆ, ಅಪ್ಪ ಅಪ್ಪನೇ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದು ಎರಡೂ ನೆಂಟರು ಎಂದ. ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ, ಕ್ಲಾಸಿನ ಮಕ್ಕಳು ಈಗಲೂ ಒಪ್ಪುತ್ತಾರೆ.

ಈಗ ಕೊರಿಯಾಕ್ಕೂ ಹೊರಗಿನವರು ಬೇಕಾಗಿದ್ದಾರೆ. 1971ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಹತ್ತು ಲಕ್ಷ ದಾಟಿದ್ದರು, 2023ರಲ್ಲಿ ಸುಮಾರು 2.3 ಲಕ್ಷ. 2027ರೊಳಗೆ ಮೂರು ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನು ತರಬೇಕೆಂದು ಸರ್ಕಾರ 2023ರಲ್ಲಿ ಘೋಷಿಸಿತು. 1967ರಿಂದ ನಡೆದುಬಂದ ಸರ್ಕಾರಿ ವಿದ್ಯಾರ್ಥಿವೇತನವೂ ಇದೆ: ವಿಮಾನದ ಟಿಕೆಟ್, ಶುಲ್ಕ, ತಿಂಗಳ ಖರ್ಚು, ಒಂದು ವರ್ಷದ ಭಾಷಾ ತರಬೇತಿ, ಟಾಪಿಕ್ ಪರೀಕ್ಷೆಯಲ್ಲಿ ಮೂರನೇ ಹಂತ ಮುಟ್ಟಿದ ಮೇಲೆ ಪದವಿಯ ತರಗತಿ. ಹಾಗೆಂದು ಸೋಲ್ ನ್ಯಾಷನಲ್, ಕೈಸ್ಟ್‌ಗಳ ಬಾಗಿಲು ಸಡಿಲವಾಗಿಲ್ಲ. ಮಕ್ಕಳಿಲ್ಲದೆ ಒದ್ದಾಡುತ್ತಿರುವುದು ದೂರದ ಊರುಗಳ ಕಾಲೇಜುಗಳು. ಏಜೆಂಟರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಕೇಳುವವರು ಬಿಡಿಸಿಕೊಂಡು ಕೇಳಬೇಕು.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಅಲ್ಲಿ ಶೈಕ್ಷಣಿಕ ವರ್ಷ ಮಾರ್ಚ್‌ನಲ್ಲಿ ಆರಂಭ. ನಮ್ಮ ಹುಡುಗಿ ಆಗ ಬೋರ್ಡ್ ಪರೀಕ್ಷೆ ಬರೆಯುತ್ತಿರುತ್ತಾಳೆ. ಸೆಪ್ಟೆಂಬರ್ ಪ್ರವೇಶ ಇರುವ ಕಡೆ ಹಾಕಬೇಕು, ಇಲ್ಲವೇ ವರ್ಷ ಕಾಯಬೇಕು. ಕಾಯುವ ವರ್ಷದಲ್ಲಿ ಇಲ್ಲಿನ ಕಾಲೇಜಿಗೆ ಕಟ್ಟಿದ ಫೀಸು ಮರಳುತ್ತದೆಯೇ ಎಂಬುದು ಮನೆಯ ನಿಜವಾದ ಚರ್ಚೆ.

ಆದರೆ ಮಾಂಬಲಂನ ಅರ್ಜಿ ಬಹಳ ಸಲ ಸಿಕ್ಕಿಕೊಳ್ಳುವ ಜಾಗ ಹೆಸರು. ರೈಲು ಹಳಿಯ ಆಚೆ, ತ್ಯಾಗರಾಯ ನಗರದ ಕರ್ನಾಟಕ ಸಂಘದ ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ಎಲ್ಲೆಡೆ ನಮ್ಮವರ ಹೆಸರಿನ ಹಿಂದೆ ಇರುವುದು ಇನಿಷಿಯಲ್, ಮನೆತನದ ಹೆಸರಲ್ಲ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿದಾಗ ಮಗಳ ಕೊನೆಯ ಹೆಸರು ಅಪ್ಪನ ಹೆಸರಾಗುತ್ತದೆ, ಅಪ್ಪನ ಕೊನೆಯ ಹೆಸರು ತಾತನದು. ಕೊರಿಯಾದಲ್ಲಿ ಹೆಂಡತಿ ತನ್ನ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ, ಹಾಗಾಗಿ ಅಮ್ಮನ ಹೆಸರು ಬೇರೆಯಿದ್ದರೆ ಅಲ್ಲಿ ಯಾರಿಗೂ ಅಚ್ಚರಿಯಿಲ್ಲ. ಅಪ್ಪ ಮಗಳ ಹೆಸರು ಬೇರೆಯಾದರೆ ಅಚ್ಚರಿ. ಅಮ್ಮನಿಗೆ ಪಾಸ್‌ಪೋರ್ಟೇ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸುವುದು ಒಳ್ಳೆಯದು, ಏಕೆಂದರೆ ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಅದರ ಕಾಯ್ದೆಯೇ ಹೇಳುತ್ತದೆ. ಜನನ ಪತ್ರದಲ್ಲಿ ಅಪ್ಪನ ಹೆಸರು ಬರೀ ಇನಿಷಿಯಲ್‌ನೊಂದಿಗೆ ಇದ್ದರೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಇದ್ದರೆ, ನೋಟರಿಯ ಬಳಿ ಹೋಗಿ ಛಾಪಾ ಕಾಗದದ ಮೇಲೆ ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಬೇಕು. ಅಪೊಸ್ಟೀಲ್ ಒಪ್ಪಂದಕ್ಕೆ ಭಾರತ 2005ರಲ್ಲಿ, ಕೊರಿಯಾ 2007ರಲ್ಲಿ ಬಂದದ್ದರಿಂದ ವಿದೇಶಾಂಗ ಸಚಿವಾಲಯದ ಒಂದು ಚೀಟಿ ಅಂಟಿದರೆ ಜನನ ಪತ್ರ ಅಲ್ಲೂ ನಡೆಯುತ್ತದೆ. ಅದಕ್ಕೂ ಮುಂಚೆ ರಾಜ್ಯ ಸರ್ಕಾರದ ಮೊಹರು ಬೇಕು. ಎಲ್ಲ ಸೇರಿ ವಾರಗಳೇ ಹಿಡಿಯುತ್ತವೆ, ಹಾಗಾಗಿ ಪ್ರಬಂಧ ಬರೆಯಲು ಕೂರುವ ಮುಂಚೆ ಜನನ ಪತ್ರ ತೆಗೆದು ಅಪ್ಪನ ಹೆಸರಿನ ಅಕ್ಷರಗಳನ್ನು ಎಣಿಸಿಕೊಳ್ಳಬೇಕು.