ಬೀಜದ ಉಗಮ: ನೀರಿನ ಹಂಗು ತೊರೆದ ಸಸ್ಯಗಳು

ತುಮಕೂರು ಸಮೀಪದ ದೇವರಾಯನದುರ್ಗದ ಬಂಡೆಗಳು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಿಂದಿನವು. ಆ ಕಾಲಕ್ಕೆ ಭೂಮಿಯ ಮೇಲೆ ಗಿಡಮರಗಳೇ ಇರಲಿಲ್ಲ. ಹಾಗಾಗಿ ಪುರಾತನ ಬೀಜದ ಪಳೆಯುಳಿಕೆಯನ್ನು ಈ ಬೆಟ್ಟದಲ್ಲಿ ಹುಡುಕುವುದು ವ್ಯರ್ಥ. ಆದರೆ ಬೀಜ ಹುಟ್ಟಿದ ಬಗೆಯ ಸುಳಿವು ಬಯಲುಸೀಮೆಯ ಜೀವಂತ ಸಸ್ಯಗಳಲ್ಲಿಯೇ ದೊರೆಯುತ್ತದೆ.

ನೆಲಕ್ಕೆ ಬಂದ ಮೊದಲ ಸಸ್ಯಗಳು ಬೀಜಕಣಗಳಿಂದ ವಂಶ ಬೆಳೆಸುತ್ತಿದ್ದವು. ಜರೀಗಿಡಗಳದು ಇಂದಿಗೂ ಅದೇ ಕ್ರಮ. ಅವುಗಳ ಗಂಡು ಕೋಶ ಹೆಣ್ಣು ಕೋಶದ ಬಳಿಗೆ ಈಜಿಯೇ ಹೋಗಬೇಕು. ತೆಳ್ಳನೆಯ ನೀರಿನ ಪದರವೂ ಇಲ್ಲವಾದರೆ ಗರ್ಭಾಂಕುರವಿಲ್ಲ. ಮಳೆ ನೆಚ್ಚಿ ಬದುಕುವ ಸೀಮೆಯವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಕೆರೆಯಂಚಿನಲ್ಲಿ, ಗದ್ದೆಗಳಲ್ಲಿ ನಾಲ್ಕೆಲೆ ಬಿಡುವ ಮಾರ್ಸಿಲಿಯ ಒಂದು ಜರೀಗಿಡ. ಅದರ ಬೀಜಕಣಗಳಲ್ಲಿ ಎರಡು ಬಗೆ: ಚಿಕ್ಕದು ಗಂಡು, ದೊಡ್ಡದು ಹೆಣ್ಣು. ಬೀಜದತ್ತ ಸಾಗಿದ ಪುರಾತನ ಸಸ್ಯಗಳೂ ಇಂಥದೇ ಘಟ್ಟವನ್ನು ದಾಟಿದವು. ಬಳಿಕ ಅವು ದೊಡ್ಡ ಕಣವನ್ನು ಉದುರಿಸದೆ ತಮ್ಮಲ್ಲೇ ಉಳಿಸಿಕೊಂಡವು. ಅದರ ಸುತ್ತ ಹೊದಿಕೆ ಬೆಳೆದು ಅಂಡಕವಾಯಿತು. ಚಿಕ್ಕ ಕಣ ಪರಾಗವಾಗಿ ಗಾಳಿಯಲ್ಲಿ ತೇಲಿ ಬಂದಿತು. ಗರ್ಭಧರಿಸಿದ ಅಂಡಕವೇ ಬೀಜ.

ಬೆಲ್ಜಿಯಂನಲ್ಲಿ ದೊರೆತ, ಸುಮಾರು 38.5 ಕೋಟಿ ವರ್ಷ ಹಿಂದಿನ ರುಂಕಾರಿಯ ಬೀಜದ ಹೊಸ್ತಿಲಲ್ಲಿ ನಿಂತ ಸಸ್ಯ. ಅದರ ಹೊದಿಕೆ ಸೀಳುಸೀಳಾಗಿತ್ತು. ಅಮೆರಿಕದ ಪಶ್ಚಿಮ ವರ್ಜೀನಿಯಾದ ಎಲ್ಕಿನ್ಸಿಯ ಸುಮಾರು 36.5 ಕೋಟಿ ವರ್ಷ ಹಿಂದಿನದು. ಅತಿ ಪ್ರಾಚೀನ ಬೀಜಸಸ್ಯಗಳಲ್ಲಿ ಅದೂ ಒಂದು. ಇವು ಪತ್ತೆಯಾಗುವ ಮೊದಲೇ, 1903ರಲ್ಲಿ, ಬ್ರಿಟನ್ನಿನ ಆಲಿವರ್ ಮತ್ತು ಸ್ಕಾಟ್ ಒಂದು ಒಗಟನ್ನು ಬಿಡಿಸಿದ್ದರು. ಕಲ್ಲಿದ್ದಲಿನ ಪದರಗಳಲ್ಲಿ ಬಿಡಿಯಾಗಿ ಸಿಗುತ್ತಿದ್ದ ಬೀಜದ ಹೊರಕವಚದ ಮೇಲೆ ಒಂದು ಬಗೆಯ ಗ್ರಂಥಿಗಳಿದ್ದವು. ಜರೀಗಿಡವೆಂದೇ ಭಾವಿಸಲಾಗಿದ್ದ ಸಸ್ಯದ ಕಾಂಡ, ಎಲೆಗಳ ಮೇಲೂ ಅವೇ ಗ್ರಂಥಿಗಳು! ಹೀಗೆ 'ಬೀಜವಿರುವ ಜರೀಗಿಡ'ಗಳ ವರ್ಗವೇ ಬೆಳಕಿಗೆ ಬಂದಿತು.

ಭಾರತದ ಗೊಂಡ್ವಾನ ಕಲ್ಲಿದ್ದಲನ್ನು ರೂಪಿಸಿದ ಗ್ಲೋಸಾಪ್ಟೆರಿಸ್ ಸಹ ಬೀಜಸಸ್ಯವೇ. ಸಿಂಗರೇಣಿಯಿಂದ ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಬಂದ ಕಲ್ಲಿದ್ದಲು ಆ ಕಾಲದ ಕಾಡಿನದು.

ನೀರಿನ ನಂಟು ಒಮ್ಮೆಗೇ ಕಡಿದುಹೋಗಲಿಲ್ಲ. ಪಶ್ಚಿಮಘಟ್ಟದಲ್ಲಿ ಬೆಳೆಯುವ ಸೈಕಸ್ ಬೀಜಸಸ್ಯವಾದರೂ ಅದರ ಗಂಡು ಕೋಶ ಇಂದಿಗೂ ಅಂಡಕದೊಳಗಿನ ಹನಿಯಲ್ಲಿ ಈಜುತ್ತದೆ. ಗಿಂಕ್ಗೊ ಹಾಗೂ ಸೈಕಸ್‌ಗಳಲ್ಲಿ ಇದನ್ನು 1896ರಲ್ಲಿ ಕಂಡವರು ಜಪಾನಿನ ಹಿರಾಸೆ ಮತ್ತು ಇಕೆನೊ.

ಎಲ್ಲ ಬೀಜಗಳ ತಾಳ್ಮೆಯೂ ಒಂದೇ ಅಲ್ಲ. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ತುಮಕೂರು ಜಿಲ್ಲೆಯ ಕಾಡುಗಳ ಜಾಲಾರಿಯ ಬೀಜವೋ ಮುಂಗಾರಿನ ಹೊಸ್ತಿಲಲ್ಲಿ ಉದುರಿ, ಒಣಗಿದರೆ ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮಳೆ ತಡವಾದ ವರ್ಷ ಆ ಮರದಡಿ ಹೊಸ ಸಸಿ ಏಳುವುದು ಕಷ್ಟ.